ತಾಳಯಂತ್ರದಲ್ಲಿ ನಾದವನ್ನು ಹೊಂದಿಸುವ ಬಗೆ: ಉರುಮೆ, ತಮಟೆ ಮತ್ತು ಕನ್ನಡದ ಕಿವಿ

ಕನ್ನಡ ವ್ಯಾಕರಣವನ್ನು ಐಚ್ಛಿಕವಾಗಿ ಓದುವ ವಿದ್ಯಾರ್ಥಿಯು ಮೊದಲು ಎದುರುಗೊಳ್ಳುವ ವಸ್ತುವೇ ಶಬ್ದ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಆರಂಭದಲ್ಲಿ ಶಬ್ದವು ದೇಹದೊಳಗೆ ಹುಟ್ಟುವ ಬಗೆಯನ್ನು ವಿವರಿಸುವಾಗ ಕಹಳೆಯ ಹೋಲಿಕೆಯನ್ನು ತರುತ್ತಾನೆ. ವ್ಯಾಕರಣಕಾರನಿಗೂ ವಾದ್ಯವೇ ಉಪಮಾನವಾಯಿತು ಎಂಬುದು ಗಮನಾರ್ಹ. ಏಳೂವರೆ ಶತಮಾನಗಳ ತರುವಾಯ ಅದೇ ವಿದ್ಯಾರ್ಥಿಯ ಮುಂದೆ ಗಣಕಯಂತ್ರದ ಪರದೆಯ ಮೇಲೆ ತಾಳಯಂತ್ರವೊಂದು ತೆರೆದುಕೊಂಡಿದೆ. ಇಂಗ್ಲಿಷಿನಲ್ಲಿ ಡ್ರಮ್ ಮಷೀನ್ ಎಂದು ಕರೆಯಲಾಗುವ ಈ ತಂತ್ರಾಂಶವನ್ನು ಕಾಲೇಜಿನ ನಾಟಕ, ಗೀತರೂಪಕ, ಭಾವಗೀತೆ ಗಾಯನಗಳಿಗೆಲ್ಲ ಬಳಸುವುದು ರೂಢಿಯಾಗುತ್ತಿದೆ. ಗುಂಡಿಯನ್ನೊತ್ತಿದರೆ ತಾಳ ನುಡಿಯುತ್ತದೆ. ಆದರೆ ಅದು ಯಾರ ಊರಿನ ತಾಳ, ಯಾವ ಚರ್ಮದ ನಾದ ಎಂಬುದನ್ನು ನಿರ್ಧರಿಸುವುದು ಆ ಗುಂಡಿಯಲ್ಲ. ಅದರ ಪಕ್ಕದಲ್ಲಿರುವ, ಹೆಚ್ಚಿನವರು ಮುಟ್ಟದೆ ಬಿಡುವ ನಾದದ ಹೊಂದಾಣಿಕೆಗಳು. ಅವುಗಳ ಸ್ವರೂಪವನ್ನು ಕನ್ನಡದ ವಿದ್ಯಾರ್ಥಿಗೆ ಪರಿಚಿತವಾದ ಪರಿಕಲ್ಪನೆಗಳ ನೆರವಿನಿಂದ ತಿಳಿಸುವುದು ಈ ಲೇಖನದ ಉದ್ದೇಶ.

ಯಂತ್ರದ ಹಿನ್ನೆಲೆ

ಜಪಾನಿನ ಇಕುತಾರೊ ಕಾಕೆಹಾಶಿ ಸ್ಥಾಪಿಸಿದ ರೋಲ್ಯಾಂಡ್ ಸಂಸ್ಥೆಯು 1980ರಲ್ಲಿ ಟಿಆರ್-808 ಎಂಬ ತಾಳಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಯಾವ ವಾದ್ಯದ ಧ್ವನಿಮುದ್ರಣವೂ ಇರಲಿಲ್ಲ. ವಿದ್ಯುನ್ಮಂಡಲಗಳೇ ಹೊಡೆತದ ನಾದವನ್ನು ಹುಟ್ಟಿಸುತ್ತಿದ್ದವು. ಅದೇ ಕಾಲಕ್ಕೆ ಅಮೆರಿಕದ ರೋಜರ್ ಲಿನ್ ರೂಪಿಸಿದ ಎಲ್‌ಎಂ-1 ಯಂತ್ರವು ನಿಜವಾದ ಡ್ರಮ್ಮುಗಳ ಧ್ವನಿಮುದ್ರಿತ ತುಣುಕುಗಳನ್ನು, ಅಂದರೆ ಸ್ಯಾಂಪಲ್‌ಗಳನ್ನು, ನುಡಿಸುವ ದಾರಿಯನ್ನು ಹಿಡಿಯಿತು. ಇಂದಿನ ತಂತ್ರಾಂಶಗಳು ಈ ಎರಡೂ ದಾರಿಗಳ ವಾರಸುದಾರರು. ಉಚಿತವಾಗಿ ದೊರೆಯುವ, ಮುಕ್ತ ಆಕರದ ಹೈಡ್ರೋಜನ್ ಎಂಬ ತಂತ್ರಾಂಶವು ಮುಖ್ಯವಾಗಿ ಸ್ಯಾಂಪಲ್‌ಗಳನ್ನು ಆಧರಿಸಿದ್ದು, ವಿದ್ಯಾರ್ಥಿಗಳ ಅಭ್ಯಾಸಕ್ಕೆ ಒಪ್ಪುವಂಥದು.

ನಮ್ಮ ನಾಡಿನಲ್ಲಿಯೂ ಇದಕ್ಕೊಂದು ಸ್ವತಂತ್ರ ಚರಿತ್ರೆಯುಂಟು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ, ಸ್ವತಃ ಕೊಳಲುವಾದಕರಾದ ಜಿ. ರಾಜ್ ನಾರಾಯಣ್ ಅವರು ರಾಡೆಲ್ ಸಂಸ್ಥೆಯ ಮೂಲಕ ವಿದ್ಯುನ್ಮಾನ ಶ್ರುತಿಪೆಟ್ಟಿಗೆ, ತಂಬೂರಿ, ತಬಲಾಗಳನ್ನು ರೂಪಿಸಿದರು. ಸಂಗೀತದ ಅಭ್ಯಾಸಿಗಳ ಮನೆಗಳಲ್ಲಿ ಆ ಪೆಟ್ಟಿಗೆಗಳು ನೆಲೆಯಾದವು. ಭಾರತೀಯ ಕಿವಿಗೆ ಭಾರತೀಯ ಶ್ರುತಿ, ಭಾರತೀಯ ಠೇಕಾ ಬೇಕೆಂಬ ಅರಿವು ಅವುಗಳ ಹಿಂದಿತ್ತು. ಆದರೆ ತಬಲಾ, ಮೃದಂಗಗಳಿಗೆ ದೊರೆತ ಈ ಆದರ ತಮಟೆಗೆ, ಉರುಮೆಗೆ, ಸಂಬಾಳಕ್ಕೆ ಅಷ್ಟು ಸುಲಭವಾಗಿ ದೊರೆಯಲಿಲ್ಲ.

ಸೂಲೂರಿನ ದಿಕ್ಕಿನಿಂದ

ಕೊಯಮತ್ತೂರಿನ ಪೂರ್ವಕ್ಕೆ, ತಿರುಚಿ ರಸ್ತೆಯಲ್ಲಿರುವ ಸೂಲೂರಿನ ಸೀಮೆಯನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳು ಮಗ್ಗದ ನಾಡು. ಇಲ್ಲಿನ ನೇಕಾರರಲ್ಲಿ ದೇವಾಂಗ ಸಮುದಾಯದವರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಅವರಲ್ಲಿ ಕೆಲವು ಮನೆಗಳ ಮಾತು ತೆಲುಗು, ಕೆಲವು ಮನೆಗಳ ಮಾತು ಕನ್ನಡ. ಮನೆಯೊಳಗೆ ಕನ್ನಡ, ಬೀದಿಯಲ್ಲಿಯೂ ಶಾಲೆಯಲ್ಲಿಯೂ ತಮಿಳು ಎಂಬ ಸ್ಥಿತಿಯಲ್ಲಿ ತಲೆಮಾರುಗಳು ಬೆಳೆದಿವೆ. ಕನ್ನಡದ ಲಿಪಿಯನ್ನು ಅರಿಯದವರ ಬಾಯಲ್ಲಿಯೂ ಕನ್ನಡ ಉಳಿದಿದೆ. ಅಂದರೆ ಅಲ್ಲಿ ಭಾಷೆಯು ಬದುಕಿರುವುದು ಬರಹದಲ್ಲಲ್ಲ, ಕಿವಿಯಲ್ಲಿ. ಕುಲದೇವತೆಯಾದ ಚೌಡೇಶ್ವರಿಯ ಹಬ್ಬದಲ್ಲಿ ಯುವಕರು ಕತ್ತಿ ಹಿಡಿದು ತಾಯಿಯನ್ನು ಕರೆಯುತ್ತ ಸಾಗುವ ಮೆರವಣಿಗೆಯೂ ಕಿವಿಯ ನೆನಪಿನಿಂದಲೇ ತಲೆಮಾರಿನಿಂದ ತಲೆಮಾರಿಗೆ ದಾಟಿದ ಆಚರಣೆ.

ಕೊಂಗು ನಾಡೆಂದು ಹೆಸರಾದ ಈ ಸೀಮೆಯ ಜಾತ್ರೆಗಳಲ್ಲಿ ಕೇಳಿಬರುವ ವಾದ್ಯಗಳಲ್ಲಿ ಪರೈ, ತವಿಲ್, ಉರುಮಿ ಮುಖ್ಯವಾದವು. ತಮಿಳಿನ ಉರುಮಿಯೇ ದಕ್ಷಿಣ ಕರ್ನಾಟಕದ ಉರುಮೆ. ನಡು ಸಣ್ಣದಾದ, ಎರಡು ಮುಖದ ಈ ವಾದ್ಯದ ಒಂದು ಮುಖವನ್ನು ಕೋಲಿನಿಂದ ಹೊಡೆಯುತ್ತಾರೆ. ಇನ್ನೊಂದು ಮುಖವನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಉಜ್ಜಿದಾಗ ಹೊರಡುವ ಗುಡುಗಿನಂಥ, ಗೂಳಿಯ ಗುಟುರಿನಂಥ ಜಾರುನಾದವೇ ಅದರ ಜೀವ. ಪರೈಗೂ ನಮ್ಮ ತಮಟೆಗೂ ಹತ್ತಿರದ ನಂಟು. ಬೆಳಗಾವಿ, ಕೊಲ್ಲಾಪುರದ ಕಡೆ ಇದೇ ಬಗೆಯ ವಾದ್ಯವನ್ನು ಕನ್ನಡಿಗರೂ ಮರಾಠಿಗರೂ ಹಲಗಿ ಎನ್ನುತ್ತಾರೆ. ಹೆಸರು ಮೂರು, ಚರ್ಮ ಒಂದೇ. ಆದರೂ ಆಯಾ ಸೀಮೆಯ ಕಿವಿಯು ತನ್ನ ಹಲಗಿಯನ್ನು, ತನ್ನ ತಮಟೆಯನ್ನು ಬೇರ್ಪಡಿಸಿ ಗುರುತಿಸಬಲ್ಲದು. ತಂತ್ರಾಂಶದೊಡನೆ ಬರುವ ಸಿದ್ಧ ನಾದಕೋಶದಲ್ಲಿ ಸಾಮಾನ್ಯವಾಗಿ ಪಾಶ್ಚಾತ್ಯ ಡ್ರಮ್ಮುಗಳಷ್ಟೇ ಇರುತ್ತವೆ. ಅದನ್ನೇ ಹಾಗೆಯೇ ಬಳಸುತ್ತ ಹೋದರೆ ಕಳೆದುಹೋಗುವುದು ಈ ಗುರುತಿಸುವ ಶಕ್ತಿ.

ಶ್ರುತಿ: ಬೆಂಕಿ ಮತ್ತು ಗುಂಡಿ

ತಮಟೆಯನ್ನು ನುಡಿಸುವ ಮುನ್ನ ಬೆಂಕಿಗೆ ಹಿಡಿದು ಕಾಯಿಸುವುದನ್ನು ಹಳ್ಳಿಯ ಹಿನ್ನೆಲೆಯ ವಿದ್ಯಾರ್ಥಿಗಳೆಲ್ಲ ಬಲ್ಲರು. ಕಾವಿಗೆ ಚರ್ಮದ ತೇವ ಆರಿ, ಬಿಗಿ ಹೆಚ್ಚಿ, ನಾದ ಮೇಲೇರುತ್ತದೆ. ಮಳೆಗಾಲದ ತೇವಕ್ಕೆ ಅದು ಮತ್ತೆ ಕುಗ್ಗುತ್ತದೆ. ತಂತ್ರಾಂಶದಲ್ಲಿ ಪಿಚ್ ಎಂಬ ಗುಂಡಿ ಮಾಡುವುದು ಇದೇ ಕೆಲಸದ ಅನುಕರಣೆಯನ್ನು. ಒಂದು ಸ್ಥಾಯಿಯನ್ನು 12 ಅರೆಸ್ವರಗಳಾಗಿ ವಿಭಾಗಿಸಿ, ಆ ಅಳತೆಯಲ್ಲಿ ನಾದವನ್ನು ಏರಿಸಬಹುದು, ಇಳಿಸಬಹುದು.

ಇಲ್ಲೊಂದು ಎಚ್ಚರ ಅಗತ್ಯ. ಸ್ಯಾಂಪಲ್ ಆಧಾರಿತ ಯಂತ್ರವು ಶ್ರುತಿಯನ್ನು ಏರಿಸುವುದು ಸಾಮಾನ್ಯವಾಗಿ ಧ್ವನಿಮುದ್ರಣವನ್ನು ವೇಗವಾಗಿ ಓಡಿಸುವ ಮೂಲಕ. 12 ಅರೆಸ್ವರ ಏರಿಸಿದರೆ ಕಂಪನ ಇಮ್ಮಡಿಯಾಗುತ್ತದೆ, ಆದರೆ ನಾದದ ಅವಧಿ ಅರ್ಧಕ್ಕಿಳಿಯುತ್ತದೆ. 7 ಅರೆಸ್ವರ ಏರಿಸಿದರೆ ಕಂಪನ ಸುಮಾರು ಒಂದೂವರೆ ಪಟ್ಟು, ಅವಧಿ ಮೂರರಲ್ಲಿ ಎರಡು ಪಾಲು. ಬೆಂಕಿಗೆ ಕಾಯಿಸಿದಾಗ ಬದಲಾಗುವುದು ಚರ್ಮದ ಬಿಗಿ ಮಾತ್ರ; ಮರದ ಬಳೆ ಹಾಗೆಯೇ ಇರುತ್ತದೆ. ಪಿಚ್ ಗುಂಡಿಯನ್ನು ತಿರುಗಿಸಿದಾಗ ಚರ್ಮ, ಬಳೆ, ಕೋಲಿನ ತಾಗು ಎಲ್ಲವೂ ಒಟ್ಟಾಗಿ ಏರುತ್ತವೆ. ಆದುದರಿಂದ ಕೇಳುವವನಿಗೆ ಕಾಯಿಸಿದ ತಮಟೆಯ ಬದಲು ಚಿಕ್ಕದೊಂದು ಆಟಿಕೆಯ ತಮಟೆ ಕೇಳಿಸಿದಂತಾಗುತ್ತದೆ. ಎರಡು ಮೂರು ಅರೆಸ್ವರಗಳ ಒಳಗೆ ಈ ದೋಷ ಅಷ್ಟಾಗಿ ತೋರದು. ಅದಕ್ಕಿಂತ ಹೆಚ್ಚಿನ ಏರಿಳಿತ ಬೇಕಿದ್ದಲ್ಲಿ ತಮಟೆಯನ್ನು ನಿಜವಾಗಿಯೂ ಕಾಯಿಸಿ ಮತ್ತೊಮ್ಮೆ ಧ್ವನಿಮುದ್ರಿಸುವುದೇ ಸರಿಯಾದ ದಾರಿ.

ಎಲ್ಲ ಚರ್ಮವಾದ್ಯಗಳಿಗೂ ಖಚಿತವಾದ ಶ್ರುತಿ ಇರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಸಮಾನ ದಪ್ಪದ, ಬಿಗಿದ ಚರ್ಮವೊಂದರ ಕಂಪನಗಳು 1, 1.59, 2.14, 2.30 ಎಂಬಂಥ ಹೊಂದಿಕೆಯಿಲ್ಲದ ಪ್ರಮಾಣಗಳಲ್ಲಿರುತ್ತವೆ. ಆದುದರಿಂದ ತಮಟೆಯಲ್ಲಿ ಕೇಳುವುದು ಸ್ವರಕ್ಕಿಂತ ಹೆಚ್ಚಾಗಿ ನಾದದ ಮೈಕಟ್ಟು. ಮೃದಂಗ, ತಬಲಾಗಳ ಬಲಮುಖದ ನಡುವೆ ಹಚ್ಚಿದ ಕರಣೆಯು ಈ ಪ್ರಮಾಣಗಳನ್ನು ತಿದ್ದಿ, ತಂತಿವಾದ್ಯದಂತೆ 1, 2, 3, 4, 5 ಎಂಬ ಸರಣಿಗೆ ತರುತ್ತದೆ. ಇದನ್ನು ಸರ್ ಸಿ.ವಿ. ರಾಮನ್ ಅವರು ಶಿವಕಾಳಿ ಕುಮಾರ್ ಅವರೊಡನೆ 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದಾಗ, 1934ರಲ್ಲಿ, ಇನ್ನಷ್ಟು ವಿಸ್ತರಿಸಿ ಬರೆದರು. ಇದರಿಂದ ಬಳಕೆದಾರನಿಗೆ ದೊರೆಯುವ ಸೂತ್ರ ಸರಳ: ಮೃದಂಗ, ತಬಲಾಗಳ ಸ್ಯಾಂಪಲನ್ನು ಗಾಯಕನ ಷಡ್ಜಕ್ಕೆ ಹೊಂದಿಸಲೇಬೇಕು, ತಮಟೆಯನ್ನು ಷಡ್ಜಕ್ಕೆ ಎಳೆಯುವ ಅಗತ್ಯವಿಲ್ಲ, ಗುಂಪಿನೊಳಗೆ ಅದು ಬೇರೆಯಾಗಿ ಕೇಳಿದರೆ ಸಾಕು.

ಆರಂಭ ಮತ್ತು ಕ್ಷಯ: ವ್ಯಂಜನ ಮತ್ತು ಸ್ವರ

ಹೊಡೆತದ ನಾದವನ್ನು ಅಕ್ಷರವೊಂದಕ್ಕೆ ಹೋಲಿಸಿದರೆ ಮುಂದಿನ ಹೊಂದಾಣಿಕೆಗಳು ಸುಲಭವಾಗಿ ಅರ್ಥವಾಗುತ್ತವೆ. ಕೋಲು ಚರ್ಮಕ್ಕೆ ತಾಗುವ ಕ್ಷಣದ ಸದ್ದು ವ್ಯಂಜನ. ತರುವಾಯ ಉಳಿಯುವ ಅನುರಣನ ಸ್ವರ. ವ್ಯಂಜನವು ಗಳಿಗೆಯೊಳಗೆ ಮುಗಿಯುತ್ತದೆ, ಆದರೆ ಪದವನ್ನು ಗುರುತಿಸುವುದು ಹೆಚ್ಚಾಗಿ ಅದರಿಂದಲೇ. ತಂತ್ರಾಂಶದಲ್ಲಿ ಅಟ್ಯಾಕ್ ಎಂಬುದು ನಾದವು ಶೂನ್ಯದಿಂದ ಪೂರ್ಣಗಾತ್ರಕ್ಕೆ ಏರಲು ತೆಗೆದುಕೊಳ್ಳುವ ಕಾಲ. ಅದು ಶೂನ್ಯದಲ್ಲಿದ್ದರೆ ಕೋಲಿನ ತಾಗು ಸ್ಪಷ್ಟ. ಅದನ್ನು 50 ಮಿಲಿಸೆಕೆಂಡಿಗೆ ಏರಿಸಿದರೆ ತಾಗು ಅಳಿಸಿಹೋಗಿ, ‘ಟಣ್’ ಎನ್ನುವುದು ‘ಅಣ್’ ಎಂದಾಗುತ್ತದೆ. ವ್ಯಂಜನ ಲೋಪವಾಯಿತೆಂದೇ ತಿಳಿಯಬಹುದು.

ಡಿಕೇ ಎಂಬುದು ನಾದದ ಕ್ಷಯ. ಇದನ್ನು ಕಡಮೆ ಮಾಡಿದರೆ ‘ಢಮ್’ ಎಂಬುದು ‘ಢಪ್’ ಆಗುತ್ತದೆ. ಹೆಚ್ಚಿಸಿದರೆ ‘ಢಮ್ಮ್’ ಎಂದು ಎಳೆಯುತ್ತದೆ. ಟಿಆರ್-808ರ ಬಾಸ್ ಡ್ರಮ್ಮಿಗೆ ಇದ್ದ ಮೂರು ಗುಂಡಿಗಳಲ್ಲಿ, ಅಂದರೆ ಗಾತ್ರ, ಟೋನ್, ಡಿಕೇಗಳಲ್ಲಿ, ಇದೂ ಒಂದು. ಆ ಯಂತ್ರಕ್ಕೆ ಖ್ಯಾತಿ ತಂದ ದೀರ್ಘ ಗುಂಯ್ಗುಡಿತ ಈ ಗುಂಡಿಯದೇ ಕೊಡುಗೆ. ಡೊಳ್ಳಿನ ನಾದವನ್ನು ಹೊಂದಿಸುವಾಗ ಕ್ಷಯವನ್ನು ಉದ್ದವಾಗಿಡಬೇಕು, ಹಲಗಿಯದನ್ನು ಗಿಡ್ಡವಾಗಿಡಬೇಕು. ತಾಳದ ಗತಿ ಹೆಚ್ಚಿದಂತೆ ಕ್ಷಯವನ್ನು ಕುಗ್ಗಿಸುವುದೂ ಅಗತ್ಯ. ಇಲ್ಲವಾದರೆ ಒಂದು ಹೊಡೆತದ ಬಾಲದ ಮೇಲೆ ಮುಂದಿನ ಹೊಡೆತ ಬಿದ್ದು ಗಾಯನದ ಸಾಹಿತ್ಯವೇ ಮುಚ್ಚಿಹೋಗುತ್ತದೆ.

ಕನ್ನಡದ ಅನುಕರಣಾವ್ಯಯಗಳು ಇಲ್ಲಿ ಬೆಲೆಬಾಳುವ ಸಾಧನ. ಟಣ್, ಠಣ್, ಢಣ್, ಢಮಢಮ, ದಬದಬ, ಗುಂಯ್, ಝಲ್ ಇವುಗಳನ್ನು ವ್ಯಾಕರಣದ ಪಾಠವಾಗಿ ಮಾತ್ರ ಓದುವುದು ವಾಡಿಕೆ. ವಾಸ್ತವವಾಗಿ ಅವು ನಾದದ ಅಳತೆಗೋಲುಗಳು. ‘ದಬ್’ ಎಂದು ಕೇಳುತ್ತಿರುವುದನ್ನು ‘ಢಣ್’ ಎಂದು ಕೇಳಿಸಬೇಕು ಎಂದು ಬಾಯಲ್ಲಿ ಹೇಳಿಕೊಂಡವನಿಗೆ ಯಾವ ಗುಂಡಿಯನ್ನು ತಿರುಗಿಸಬೇಕೆಂಬುದು ತಾನಾಗಿ ಹೊಳೆಯುತ್ತದೆ: ಕ್ಷಯ ಹೆಚ್ಚಬೇಕು, ಮೇಲಿನ ಕಂಪನಗಳು ತೆರೆದುಕೊಳ್ಳಬೇಕು.

ಫಿಲ್ಟರ್ ಮತ್ತು ದೂರ

ಮೇಲಿನ ಕಂಪನಗಳನ್ನು ತೆರೆಯುವ, ಮುಚ್ಚುವ ಸಾಧನಕ್ಕೆ ಫಿಲ್ಟರ್ ಎಂದು ಹೆಸರು. ಕಟಾಫ್ ಎಂಬ ಗುಂಡಿಯು ಯಾವ ಕಂಪನದ ಮೇಲಿನ ಭಾಗವನ್ನು ಸೋಸಿ ತೆಗೆಯಬೇಕೆಂದು ನಿರ್ಧರಿಸುತ್ತದೆ. ಜಾತ್ರೆಯ ಮೇಳವು ಇನ್ನೂ ಮುಂದಿನ ಬೀದಿಯಲ್ಲಿರುವಾಗ ಮನೆಯೊಳಗೆ ಮೊದಲು ಕೇಳುವುದು ದಬದಬ ಎಂಬ ಕೆಳನಾದ ಮಾತ್ರ. ಮೇಳ ತಿರುವಿಗೆ ಬಂದಾಗಲಷ್ಟೇ ಕೋಲಿನ ಟಕಟಕ ಕೇಳುತ್ತದೆ. ಗಾಳಿಯೂ ಗೋಡೆಗಳೂ ಮೇಲಿನ ಕಂಪನಗಳನ್ನು ಹೆಚ್ಚು ನುಂಗುವುದೇ ಇದಕ್ಕೆ ಕಾರಣ. ರಂಗದ ಮೇಲೆ ಮೆರವಣಿಗೆ ದೂರದಿಂದ ಬರುತ್ತಿದೆಯೆಂದು ತೋರಿಸಬೇಕಾದಲ್ಲಿ ಬರಿಯ ಗಾತ್ರವನ್ನು ಏರಿಸಿದರೆ ಸಾಲದು. ಕಟಾಫನ್ನು ಕೆಳಗಿಟ್ಟು ಆರಂಭಿಸಿ ಮೆಲ್ಲನೆ ತೆರೆಯುತ್ತ ಹೋದಾಗ ಪ್ರೇಕ್ಷಕನ ಕಿವಿ ಅದನ್ನು ನಂಬುತ್ತದೆ.

ಹೊಡೆತದ ಬಲ

ಪ್ರತಿ ಹೊಡೆತಕ್ಕೂ ವೆಲಾಸಿಟಿ ಎಂಬ ಅಂಕಿಯಿರುತ್ತದೆ. 1983ರಲ್ಲಿ ಜಾರಿಗೆ ಬಂದ ಮಿಡಿ ಎಂಬ ಒಡಂಬಡಿಕೆಯಲ್ಲಿ ಇದರ ಗರಿಷ್ಠ ಬೆಲೆ 127. ಹೊಸಬರು ಎಲ್ಲ ಹೊಡೆತಗಳನ್ನೂ ಒಂದೇ ಬಲದಲ್ಲಿ ಬಿಡುತ್ತಾರೆ. ಯಂತ್ರದ ನಾದ ಯಾಂತ್ರಿಕವೆನಿಸುವುದಕ್ಕೆ ಮುಖ್ಯ ಕಾರಣ ಇದೇ. ನಿಜವಾದ ವಾದಕನ ಬಲವಾದ ಹೊಡೆತವು ಬರಿದೇ ಜೋರಾದುದಲ್ಲ. ಅದರಲ್ಲಿ ಮೇಲಿನ ಕಂಪನಗಳೂ ಹೆಚ್ಚಿರುತ್ತವೆ. ಪಿಸುಮಾತನ್ನು ಧ್ವನಿವರ್ಧಕದಲ್ಲಿ ಕೇಳಿಸಿದರೆ ಅದು ಕೂಗಾಗುವುದಿಲ್ಲವಷ್ಟೆ. ಆದಕಾರಣ ಒಂದೇ ವಾದ್ಯದ ಮೆದು, ನಡು, ಬಿರುಸು ಹೊಡೆತಗಳನ್ನು ಪ್ರತ್ಯೇಕವಾಗಿ ಧ್ವನಿಮುದ್ರಿಸಿ, ವೆಲಾಸಿಟಿಯ ಮಟ್ಟಕ್ಕೆ ತಕ್ಕಂತೆ ಪದರಗಳಾಗಿ ಜೋಡಿಸುವ ಅನುಕೂಲವನ್ನು ಹೈಡ್ರೋಜನ್‌ನಂಥ ತಂತ್ರಾಂಶಗಳು ಕೊಡುತ್ತವೆ.

ಘೋಷ, ಅಘೋಷ ಮತ್ತು ತಬಲಾದ ಬೋಲುಗಳು

ತಬಲಾದ ಬೋಲುಗಳನ್ನು ಧ್ವನಿಶಾಸ್ತ್ರದ ಕಣ್ಣಿನಿಂದ ನೋಡಿದರೆ ಸೊಗಸಾದ ವ್ಯವಸ್ಥೆಯೊಂದು ಕಾಣುತ್ತದೆ. ಎಡಗೈಯ ಡಗ್ಗಾವನ್ನು ತೆರೆದು ನುಡಿಸಿದರೆ ‘ಗೆ’, ಮುಚ್ಚಿ ನುಡಿಸಿದರೆ ‘ಕೆ’. ಬಲಗೈಯ ‘ತಿನ್’ ಜೊತೆಗೆ ತೆರೆದ ಡಗ್ಗಾ ಕೂಡಿದರೆ ‘ಧಿನ್’; ‘ನಾ’ ಜೊತೆಗೆ ಕೂಡಿದರೆ ‘ಧಾ’. ಅನುರಣಿಸುವ ಎಡನಾದ ಕೂಡಿದಾಗ ‘ತಿನ್’ನ ಅಘೋಷ ಅಲ್ಪಪ್ರಾಣವು ‘ಧಿನ್’ನ ಘೋಷ ಮಹಾಪ್ರಾಣವಾಗುತ್ತದೆ. ಅನಿರುದ್ಧ ಪಟೇಲ್ ಮತ್ತು ಜಾನ್ ಐವರ್ಸನ್ ಎಂಬ ಸಂಶೋಧಕರು 2003ರಲ್ಲಿ ಬೋಲುಗಳ ಉಚ್ಚಾರಕ್ಕೂ ತಬಲಾದ ನಾದಕ್ಕೂ ಇರುವ ಇಂಥ ಹೋಲಿಕೆಗಳನ್ನು ಅಳೆದು ತೋರಿಸಿದ್ದಾರೆ. ವರ್ಗೀಯ ವ್ಯಂಜನಗಳ ಕೋಷ್ಟಕವನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಯು ತಬಲಾದ ಅರ್ಧ ವಿದ್ಯೆಯನ್ನು ಅರಿಯದೆಯೇ ಅರಿತಿದ್ದಾನೆ ಎನ್ನಬಹುದು.

ತಂತ್ರಾಂಶದಲ್ಲಿ ಇದರ ಪ್ರಯೋಜನವೇನು? ‘ಗೆ’ ನುಡಿಯುತ್ತಿರುವಾಗ ‘ಕೆ’ ಬಂದರೆ ವಾದಕನ ಅಂಗೈ ಮೊದಲಿನ ಅನುರಣನವನ್ನು ನಿಲ್ಲಿಸಿಬಿಡುತ್ತದೆ. ಯಂತ್ರಕ್ಕೆ ಅಂಗೈ ಇಲ್ಲ. ಎರಡನ್ನೂ ಒಟ್ಟಿಗೆ ನುಡಿಸುತ್ತಲೇ ಇರುತ್ತದೆ. ಮ್ಯೂಟ್ ಗ್ರೂಪ್ ಎಂಬ ಹೊಂದಾಣಿಕೆಯು ಆ ಅಂಗೈಯ ಕೆಲಸವನ್ನು ಮಾಡುತ್ತದೆ. ‘ಗೆ’, ‘ಕೆ’ಗಳನ್ನು ಒಂದೇ ಗುಂಪಿಗೆ ಸೇರಿಸಿದರೆ ಒಂದು ಬಂದೊಡನೆ ಇನ್ನೊಂದು ಅಡಗುತ್ತದೆ. ಇದು ವ್ಯಾಕರಣದ ಆದೇಶದಂತೆ: ಒಂದರ ಸ್ಥಾನದಲ್ಲಿ ಮತ್ತೊಂದು ನಿಲ್ಲುತ್ತದೆ.

ಮಾತ್ರೆಯ ಲೆಕ್ಕ

ತಾಳಯಂತ್ರವನ್ನು ತೆರೆದೊಡನೆ ಸಾಮಾನ್ಯವಾಗಿ ಎದುರಾಗುವುದು 16 ಮನೆಗಳ ಸಾಲು. ಛಂದಸ್ಸಿನ ವಿದ್ಯಾರ್ಥಿಗೆ ಇದು ನಾಲ್ಕು ಮಾತ್ರೆಯ ನಾಲ್ಕು ಗಣಗಳಾಗಿ, ಪರಿವರ್ಧಿನಿ ಷಟ್ಪದಿಯ ಮೊದಲ ಸಾಲಾಗಿ ಕಾಣಬೇಕು. ಭಾಮಿನಿಯ ಮೊದಲ ಸಾಲಿಗೆ 3, 4, 3, 4ರಂತೆ 14 ಮಾತ್ರೆ. ವಾರ್ಧಕಕ್ಕೆ ಐದು ಮಾತ್ರೆಯ ನಾಲ್ಕು ಗಣ, ಒಟ್ಟು 20. ಭಾಮಿನಿಯನ್ನು 16 ಮನೆಗಳ ತಾಳಕ್ಕೆ ಒಗ್ಗಿಸಲು ಹೊರಟರೆ ಎರಡು ಮಾತ್ರೆಗಳನ್ನು ಎಲ್ಲಿಂದಲೋ ತಂದು ತುಂಬಬೇಕಾಗುತ್ತದೆ. ಪದ್ಯದ ನಡೆ ಕೆಡುತ್ತದೆ. ಸಾಲಿನ ಉದ್ದವನ್ನು 14ಕ್ಕೆ ಇಳಿಸಿ, 1, 4, 8, 11ನೆಯ ಮನೆಗಳಿಗೆ ಹೆಚ್ಚಿನ ಬಲವನ್ನು ಕೊಟ್ಟರೆ ಮಿಶ್ರ ನಡೆಯ ಭಾಮಿನಿ ತಾನಾಗಿ ಮೈದೋರುತ್ತದೆ. ಇಷ್ಟಾದ ಮೇಲೆ ಸ್ವಿಂಗ್, ಹ್ಯೂಮನೈಸ್ ಎಂಬ ಗುಂಡಿಗಳನ್ನು ತುಸುವೇ ಏರಿಸಬಹುದು. ಅವು ಹೊಡೆತಗಳ ಕಾಲವನ್ನೂ ಬಲವನ್ನೂ ಸ್ವಲ್ಪ ಅಲುಗಿಸಿ ಮನುಷ್ಯನ ಕೈಯನ್ನು ನೆನಪಿಸುತ್ತವೆ. ಅತಿಯಾದರೆ ತಾಳ ತಪ್ಪಿದಂತೆಯೇ ಕೇಳುತ್ತದೆ.

ಉರುಮೆ ಒಡ್ಡುವ ಪ್ರಶ್ನೆ

ಈವರೆಗಿನ ಸೂತ್ರಗಳೆಲ್ಲವೂ ಸೋಲುವುದು ಉರುಮೆಯ ಮುಂದೆ. ತಾಳಯಂತ್ರದ ಮೂಲ ಕಲ್ಪನೆಯೇ ಹೊಡೆತ. ಉರುಮೆಯ ಪ್ರಾಣವಿರುವುದು ಉಜ್ಜುವಿಕೆಯಲ್ಲಿ. ಹೊಡೆತಕ್ಕೆ ಒಂದು ಆರಂಭ, ಒಂದು ಕ್ಷಯ. ಉಜ್ಜುವಿಕೆಯಲ್ಲಿ ನಾದವು ಕೈಯ ಒತ್ತಡಕ್ಕೆ ತಕ್ಕಂತೆ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಸಂಸ್ಕೃತ ವರ್ಣಮಾಲೆಯ ಚೌಕಟ್ಟಿನಲ್ಲಿ ಕನ್ನಡದ ಱ, ೞಗಳಿಗೆ ಸ್ಥಾನ ಕಲ್ಪಿಸಲು ಹಿಂದಿನ ವ್ಯಾಕರಣಕಾರರು ಪಟ್ಟ ಶ್ರಮವನ್ನು ಇದು ನೆನಪಿಸುತ್ತದೆ.

ಆದರೂ ಮಾರ್ಗವಿಲ್ಲದಿಲ್ಲ. ಮೊದಲನೆಯದಾಗಿ, ಒಂದೇ ಉಜ್ಜುನಾದವನ್ನು ಪಿಚ್ ಬದಲಿಸಿ ಬಳಸುವ ಬದಲು ಗಿಡ್ಡ, ಉದ್ದ, ಏರು, ಇಳಿ ಉಜ್ಜುಗಳನ್ನು ಬೇರೆಬೇರೆಯಾಗಿ ಧ್ವನಿಮುದ್ರಿಸಿ ಬೇರೆಬೇರೆ ವಾದ್ಯಗಳೆಂಬಂತೆ ಜೋಡಿಸಬೇಕು. ಎರಡನೆಯದಾಗಿ, ಉಜ್ಜುನಾದವು ಮೆಲ್ಲನೆ ಏರುವುದರಿಂದ ಅದರ ಪೂರ್ಣಗಾತ್ರವು ತಾಳದ ಪೆಟ್ಟಿಗೆ ಕೂಡುವಂತೆ ಸ್ಯಾಂಪಲನ್ನು ತುಸು ಮುಂಚಿತವಾಗಿಯೇ ಆರಂಭಿಸಬೇಕು. ಮೂರನೆಯದಾಗಿ, ಎಲ್ಲ ಉಜ್ಜುಗಳನ್ನೂ ಒಂದೇ ಮ್ಯೂಟ್ ಗುಂಪಿನಲ್ಲಿಡಬೇಕು. ಒಂದು ಕೋಲು ಏಕಕಾಲಕ್ಕೆ ಎರಡು ಬಗೆಯಾಗಿ ಉಜ್ಜಲಾರದು. ಹೊಡೆಯುವ ಮುಖದ ನಾದಗಳನ್ನು ಮಾತ್ರ ಈ ಗುಂಪಿನ ಹೊರಗಿಡಬೇಕು, ಏಕೆಂದರೆ ಅದು ಇನ್ನೊಂದು ಕೈಯ ಕೆಲಸ. ವಾದ್ಯದ ದೇಹವನ್ನೂ ವಾದಕನ ಕೈಗಳನ್ನೂ ಕಣ್ಣಿನಿಂದ ಕಂಡವನಿಗೆ ಮಾತ್ರ ಈ ಸೆಟಿಂಗುಗಳು ಹೊಳೆಯುತ್ತವೆ.

ಕ್ರಮ ಮತ್ತು ಋಣ

ಹೊಂದಾಣಿಕೆಗೆ ಒಂದು ಕ್ರಮವಿದ್ದರೆ ಕೆಲಸ ಹಗುರ. ಮೊದಲು ಗಾತ್ರಗಳ ಸಮತೋಲ, ಆಮೇಲೆ ಶ್ರುತಿ, ಆಮೇಲೆ ಆರಂಭ ಮತ್ತು ಕ್ಷಯ, ಬಳಿಕ ಫಿಲ್ಟರ್, ಬಳಿಕ ಪ್ರತಿ ಹೊಡೆತದ ಬಲ ಮತ್ತು ಕಾಲ, ಕಟ್ಟಕಡೆಗೆ ರಿವರ್ಬ್. ಶ್ರುತಿಯನ್ನು ಬದಲಿಸಿದರೆ ಅವಧಿಯೂ ಬದಲಾಗುವುದರಿಂದ ಕ್ಷಯಕ್ಕಿಂತ ಮೊದಲೇ ಶ್ರುತಿ ನಿಶ್ಚಯವಾಗಬೇಕು. ಸಭಾಂಗಣದ ಪ್ರತಿಧ್ವನಿಯನ್ನು ಸೇರಿಸುವ ರಿವರ್ಬ್ ಎಲ್ಲ ತಪ್ಪುಗಳನ್ನೂ ಮರೆಮಾಚುತ್ತದೆ. ಅದಕ್ಕೆಂದೇ ಅದು ಕೊನೆಯಲ್ಲಿರಬೇಕು. ಪ್ರತಿ ಹಂತದಲ್ಲಿಯೂ ಮುಟ್ಟಬೇಕಾದುದು ಒಂದೇ ಗುಂಡಿ, ಕೇಳಬೇಕಾದುದು ಹಲವು ಬಾರಿ.

ಇನ್ನೊಂದು ಕರ್ತವ್ಯವೂ ಇದೆ. ಸ್ಯಾಂಪಲ್ ಎಂಬುದು ಯಾರದೋ ಕೈಯ ಹೊಡೆತ. ತಮಟೆ, ಪರೈಗಳನ್ನು ತಲೆತಲಾಂತರದಿಂದ ಉಳಿಸಿಕೊಂಡು ಬಂದವರು ಬಹುಪಾಲು ದಲಿತ ಸಮುದಾಯಗಳ ವಾದಕರು. ಆ ವಾದ್ಯದೊಡನೆ ಅವಮಾನವನ್ನೂ ಹೊತ್ತು ಬಂದವರು. ಮನ್ನಣೆ ತಡವಾಗಿ ಬಂದಿದೆ: ಚಿಕ್ಕಬಳ್ಳಾಪುರ ಸೀಮೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ, ತಮಿಳುನಾಡಿನ ಪರೈ ಕಲಾವಿದ ವೇಲು ಆಸಾನ್ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಒಬ್ಬ ವಾದಕನನ್ನು ಒಂದು ಮಧ್ಯಾಹ್ನ ಕರೆಸಿ, ನೂರು ಹೊಡೆತಗಳನ್ನು ಧ್ವನಿಮುದ್ರಿಸಿಕೊಂಡು, ಮುಂದಿನ ವರ್ಷಗಳಲ್ಲಿ ಅವನನ್ನು ಕರೆಯುವುದನ್ನೇ ಬಿಟ್ಟರೆ ನಾದ ಉಳಿಯುತ್ತದೆ, ನುಡಿಸುವವನು ಉಳಿಯುವುದಿಲ್ಲ. ಧ್ವನಿಮುದ್ರಿಸುವ ಮೊದಲು ಒಪ್ಪಿಗೆ ಪಡೆಯುವುದು, ಸಂಭಾವನೆ ಕೊಡುವುದು, ವಾದಕನ ಹೆಸರನ್ನೂ ಊರನ್ನೂ ಕಾರ್ಯಕ್ರಮದ ಪತ್ರಿಕೆಯಲ್ಲಿ ಅಚ್ಚು ಮಾಡುವುದು ಕನಿಷ್ಠ ಶಿಷ್ಟಾಚಾರ. ವಾದಕನೇ ಬರಲು ಸಾಧ್ಯವಿರುವ ವೇದಿಕೆಯಲ್ಲಿ ಯಂತ್ರವನ್ನು ಬದಿಗಿಡುವುದು ಅದಕ್ಕಿಂತ ದೊಡ್ಡ ಶಿಷ್ಟಾಚಾರ.

ಸೂಲೂರಿನ ಸೀಮೆಯಲ್ಲಿ ಲಿಪಿಯಿಲ್ಲದೆ ಕನ್ನಡ ಉಳಿದುದು ಮನೆಯವರು ಅದನ್ನು ದಿನವೂ ಆಡಿದ್ದರಿಂದ, ಮಕ್ಕಳು ಕೇಳಿದ್ದರಿಂದ. ನಾದಕ್ಕೂ ಇದೇ ನಿಯಮ. ವಿಭಾಗದ ವಿದ್ಯಾರ್ಥಿಗಳು ಮುಂದಿನ ರಜೆಯಲ್ಲಿ ತಮ್ಮ ತಮ್ಮ ಊರಿನ ಒಂದು ಚರ್ಮವಾದ್ಯದ ಬಳಿ ಕುಳಿತು, ಅದರ ಪ್ರತಿ ಹೊಡೆತಕ್ಕೆ ಊರವರು ಬಳಸುವ ಅನುಕರಣಪದವನ್ನು ಬರೆದುಕೊಂಡು, ಆ ಪದದ ಎದುರಿಗೆ ವಾದಕನ ಒಪ್ಪಿಗೆಯೊಡನೆ ಒಂದು ಧ್ವನಿಮುದ್ರಣವನ್ನು ಜೋಡಿಸಿದರೆ, ಅದು ನಿಘಂಟೂ ಆಗುತ್ತದೆ, ನಾದಕೋಶವೂ ಆಗುತ್ತದೆ. ಅದಕ್ಕೆ ಬೇಕಾದ ಉಪಕರಣ ಪ್ರತಿಯೊಬ್ಬರ ಕಿಸೆಯಲ್ಲಿರುವ ಮೊಬೈಲು ಮತ್ತು ತುಸು ತಾಳ್ಮೆಯ ಕಿವಿ.